ಇರುವೆಯೋ, ಹಕ್ಕಿಯೋ?

ಮಕ್ಕಳೇ, ಈ ವಾರ ನಾನು ಬೇರೆ ಒಂದು ಪದದ ಬಗ್ಗೆ ಬರೆಯಬೇಕೆಂದುಕೊಂಡಿದ್ದೆ. ಅಷ್ಟರಲ್ಲಿ ನಮ್ಮಕ್ಕನ ಮಗಳ ಫೋನ್ ಬಂತು. ಮನೆಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಎಂದೇ ಕರೆಯುವುದು. ಹಾಸನದ ಈ ಪುಟ್ಟಿ ಈಗ ಫಿಲಿಪ್ಪೀನ್ಸ್ ದೇಶದ ದಾವಾವೊ ಎಂಬ ಊರಿನಲ್ಲಿ ಡಾಕ್ಟರ್ ಓದುತ್ತಿದ್ದಾಳೆ. ಆ ಊರಿನಲ್ಲಿ ನಮ್ಮ ದೇಶದ ಮಕ್ಕಳು ಬಹಳ ಮಂದಿ ವೈದ್ಯಕೀಯ ಓದುತ್ತಾರೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ನಮಗೆ ರಾತ್ರಿ ಎಂಟು, ಅವಳಿಗೆ ಹತ್ತೂವರೆ. ಇಷ್ಟು ಹೊತ್ತಿಗೆ ಫೋನ್ ಮಾಡಿದ್ದಾಳೆ ಎಂದರೆ ಏನೋ ಆಗಿದೆ ಎಂದುಕೊಂಡೆ.

"ಚಿಕ್ಕಮ್ಮ, ಇವತ್ತು ಎಂಥ ಅನಾಹುತ ಆಗ್ತಿತ್ತು ಗೊತ್ತಾ?" ಎಂದಳು. ದನಿ ಸಣ್ಣಗಾಗಿತ್ತು.

ಅವಳು ಇರುವುದು ಒಬ್ಬ ಅಜ್ಜಿಯ ಮನೆಯ ಮೇಲಿನ ಕೋಣೆಯಲ್ಲಿ. ಅಲ್ಲಿ ಅಜ್ಜಿಗೆ 'ಲೋಲಾ' ಎನ್ನುತ್ತಾರೆ. ಆವತ್ತು ಬೆಳಿಗ್ಗೆ ಲೋಲಾ ಕೆಳಗಿನಿಂದ ಕೂಗಿ ಏನೋ ಹೇಳಿದರಂತೆ. ಪುಟ್ಟಿಗೆ ಕೇಳಿಸಿದ್ದು "ನಾಯ್ ಲಂಗಮ್" ಎಂದು. ನಾಯ್ ಎಂದರೆ ನಮ್ಮ ನಾಯಿ ಅಲ್ಲ, "ಇದೆ" ಎಂದರ್ಥ. ಅಷ್ಟು ಅವಳಿಗೆ ಗೊತ್ತಿತ್ತು. 'ಲಂಗಮ್' ಎಂಬುದೂ ಗೊತ್ತಿತ್ತು. ಹೋಗುವ ಮುಂಚೆ ಆರು ತಿಂಗಳು ಕೂತು ತಗಾಲೊಗ್ ಭಾಷೆಯ ಪದಗಳನ್ನು ಬಾಯಿಪಾಠ ಮಾಡಿದ್ದಳಲ್ಲ! ತಗಾಲೊಗ್‌ನಲ್ಲಿ ಲಂಗಮ್ ಎಂದರೆ ಇರುವೆ. ಬಾಲ್ಕನಿಗೆ ಹೋಗಿ ನೋಡಿದರೆ ಕಟ್ಟೆಯ ಮೇಲೆ ಅನ್ನದ ಅಗುಳು ಚೆಲ್ಲಿದೆ. ಇರುವೆ ಮುತ್ತಿರಬೇಕು, ಪಾಪ, ವಯಸ್ಸಾದವರು ಹತ್ತಿ ಬರಲಾರದೆ ನನಗೆ ಹೇಳಿದ್ದಾರೆ ಎಂದುಕೊಂಡು, ಊರಿನಿಂದ ಒಯ್ದಿದ್ದ ಇರುವೆ ಪುಡಿಯನ್ನು ಅಗುಳಿನ ಸುತ್ತ ಮತ್ತು ಮೇಲೆ ಧಾರಾಳವಾಗಿ ಉದುರಿಸಿದಳು.

ಲೋಲಾ ಮೆಟ್ಟಿಲು ಹತ್ತಿ ಬರುವುದಕ್ಕೂ ಇದಕ್ಕೂ ಸರಿಹೋಯಿತು. ಕೈಯಲ್ಲಿ ಇನ್ನೊಂದು ಹಿಡಿ ಅನ್ನ. ಕಟ್ಟೆಯನ್ನು ನೋಡಿದವರೇ ಜೋರಾಗಿ ಕೂಗಿ ಎದುರಿನ ವಿದ್ಯುತ್ ತಂತಿಯ ಕಡೆ ಬೆರಳು ತೋರಿಸಿದರು. ತಂತಿಯ ಮೇಲೆ ಏಳೆಂಟು ಪುಟಾಣಿ ಗುಬ್ಬಿಗಳು ಸಾಲಾಗಿ ಕೂತು, ಇವರಿಬ್ಬರೂ ಎಂದು ಒಳಗೆ ಹೋಗುತ್ತಾರೋ ಎಂದು ಕಾಯುತ್ತಿದ್ದವು. ಲೋಲಾ ದಿನವೂ ಅವಕ್ಕೆ ಅನ್ನ ಹಾಕುತ್ತಿದ್ದರು. "ಲಂಗಮ್ ಬಂದಿದೆ" ಎಂದು ಅವರು ಖುಷಿಯಿಂದ ಹೇಳಿದ್ದು ಹಕ್ಕಿ ಬಂದಿದೆ ಎಂದು!

ಪುಟ್ಟಿ ಅಗುಳನ್ನೆಲ್ಲ ಬಳಿದು, ನಾಲ್ಕು ಬಕೆಟ್ ನೀರು ಸುರಿದು ಕಟ್ಟೆ ತೊಳೆದಳು. ಒಂದು ಹಕ್ಕಿಗೂ ಏನೂ ಆಗಲಿಲ್ಲ. ಆದರೆ ಅವಳಿಗೆ ಮಾತ್ರ ಇಡೀ ದಿನ ಪಾಠ ತಲೆಗೆ ಹತ್ತಲಿಲ್ಲವಂತೆ.

"ಚಿಕ್ಕಮ್ಮ, ಇದು ಹಕ್ಕಿ. ನಾಳೆ ಆಸ್ಪತ್ರೆಯಲ್ಲಿ ಯಾರೋ ಎಲ್ಲಿ ನೋಯ್ತಿದೆ ಅಂತ ಹೇಳ್ತಾರೆ, ನಾನು ಇನ್ನೇನೋ ಅರ್ಥ ಮಾಡ್ಕೊಂಡು ಔಷಧಿ ಕೊಟ್ಟರೆ? ನಾನು ಕಲಿತಿದ್ದೆಲ್ಲ ತಪ್ಪಾ?"

ತಪ್ಪಲ್ಲ ಪುಟ್ಟಿ ಎಂದೆ. ಆಮೇಲೆ ನಾವಿಬ್ಬರೂ ಒಂದು ಗಂಟೆ ಮಾತಾಡಿದೆವು. ಆ ಮಾತನ್ನೇ ಈ ವಾರ ನಿಮಗೂ ಹೇಳುತ್ತಿದ್ದೇನೆ.

ಫಿಲಿಪ್ಪೀನ್ಸ್ ಎಂದರೆ 7,600ಕ್ಕೂ ಹೆಚ್ಚು ದ್ವೀಪಗಳ ದೇಶ. ಅಲ್ಲಿನ ಭಾಷೆಗಳು ನೂರೈವತ್ತಕ್ಕೂ ಹೆಚ್ಚು. ರಾಜಧಾನಿ ಮನಿಲಾದ ಸುತ್ತಮುತ್ತಲಿನವರ ಭಾಷೆ ತಗಾಲೊಗ್. ದೇಶದ ರಾಷ್ಟ್ರಭಾಷೆಯಾದ ಫಿಲಿಪಿನೊಗೂ ಅದೇ ಬುನಾದಿ. ಹಾಗಾಗಿ ಪುಸ್ತಕದಲ್ಲಿ ಕಲಿಯುವವರು ಮೊದಲು ಕಲಿಯುವುದು ತಗಾಲೊಗ್. ಆದರೆ ದಾವಾವೊ ಇರುವುದು ದಕ್ಷಿಣದ ಮಿಂದನಾವೊ ದ್ವೀಪದಲ್ಲಿ. ಅಲ್ಲಿನ ಮನೆಮಾತು ಹೆಚ್ಚಾಗಿ ಸೆಬುವಾನೊ. ಜನ ಅದನ್ನು ಬಿಸಾಯಾ ಎಂದೂ ಕರೆಯುತ್ತಾರೆ. ತಗಾಲೊಗ್‌ನ ಇರುವೆ ಬಿಸಾಯಾದಲ್ಲಿ ಹಕ್ಕಿ! ಹಾಗಾದರೆ ಬಿಸಾಯಾದವರು ಇರುವೆಗೆ ಏನೆನ್ನುತ್ತಾರೆ? 'ಹುಲ್ಮಿಗಾಸ್'. ಅದು ಸ್ಪ್ಯಾನಿಷ್ ಭಾಷೆಯ ಇರುವೆ. ಸ್ಪೇನ್ ದೇಶದವರು ಆ ದ್ವೀಪಗಳನ್ನು ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಆಳಿ 1898ರಲ್ಲಿ ಹೊರಟುಹೋದರು. ಅವರ ಇರುವೆ ಅಲ್ಲೇ ಉಳಿಯಿತು.

ಇದೇನು ವಿಚಿತ್ರ ಎನ್ನಬೇಡಿ. ಹುಬ್ಬಳ್ಳಿಯಲ್ಲಿ ನೆಂಟರ ಮನೆಗೆ ಹೋಗಿ ಪುಂಡಿ ಬೇಕು ಎಂದರೆ ಹುಳಿ ಹುಳಿಯಾದ ಸೊಪ್ಪಿನ ಪಲ್ಯ ಬರುತ್ತದೆ. ಮಂಗಳೂರಿನಲ್ಲಿ ಅದೇ ಪುಂಡಿ ಕೇಳಿದರೆ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಉಂಡೆ ತಟ್ಟೆಗೆ ಬೀಳುತ್ತದೆ. ಎರಡೂ ರುಚಿಯೇ. ಯಾವುದೂ ತಪ್ಪಲ್ಲ. ಊರು ಯಾವುದು ಎಂದು ತಿಳಿದು ಕೇಳಬೇಕು, ಅಷ್ಟೆ.

ಸರಿ, ತಗಾಲೊಗ್‌ನಲ್ಲಿ ಹಕ್ಕಿಗೆ ಏನೆನ್ನುತ್ತಾರೆ? 'ಇಬೊನ್'. ಪುಟ್ಟ, ಮುದ್ದಾದ ಪದ. ಅದನ್ನೂ ಪುಟ್ಟಿ ಬಾಯಿಪಾಠ ಮಾಡಿದ್ದಳು. ಆದರೆ ಇಬೊನ್ ಕೂಡ ಒಂದೇ ಕಡೆ ಕೂರುವ ಹಕ್ಕಿಯಲ್ಲ. ಮನಿಲಾದಿಂದ ಸ್ವಲ್ಪ ಉತ್ತರಕ್ಕೆ ಪಂಪಾಂಗಾ ಎಂಬ ಪ್ರಾಂತ್ಯವಿದೆ. ಅಲ್ಲಿನವರ ಭಾಷೆ ಕಪಂಪಾಂಗನ್. ಆ ಭಾಷೆಯಲ್ಲಿ 'ಎಬುನ್' ಎಂಬ ಪದವಿದೆ. ಇಬೊನ್, ಎಬುನ್. ಅಕ್ಕತಂಗಿಯರ ಹಾಗೆ ಕೇಳಿಸುತ್ತವೆ, ಅಲ್ಲವೇ? ಆದರೆ ಎಬುನ್ ಎಂದರೆ ಹಕ್ಕಿ ಅಲ್ಲ, ಮೊಟ್ಟೆ! ಆ ಭಾಷೆಯಲ್ಲಿ ಹಕ್ಕಿಗೆ 'ಆಯುಪ್' ಎನ್ನುತ್ತಾರೆ. ಅದನ್ನೇ ಹೋಲುವ 'ಹಾಯೊಪ್' ಎಂಬ ಪದ ತಗಾಲೊಗ್‌ನಲ್ಲಿದೆ. ಅದಕ್ಕೆ ಅರ್ಥ ಪ್ರಾಣಿ.

ಎರಡು ಗಂಟೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಹಕ್ಕಿ ಮೊಟ್ಟೆಯೊಳಗೆ ಹೋಗಿಬಿಡುತ್ತದೆ ಎಂದರೆ ನಗು ಬರುತ್ತದೆ. ಆದರೆ ಮೊಟ್ಟೆ ಮತ್ತು ಹಕ್ಕಿಯನ್ನು ಒಂದೇ ಪದದಲ್ಲಿ ಕಾಣುವುದು ನಮಗೇನೂ ಹೊಸದಲ್ಲ. ಸಂಸ್ಕೃತದಿಂದ ನಮಗೆ ಬಂದ ಪದಗಳಲ್ಲಿ ಹಕ್ಕಿಗೆ 'ದ್ವಿಜ' ಎಂಬ ಹೆಸರೂ ಇದೆ. ಎರಡು ಸಲ ಹುಟ್ಟುವುದು ಎಂದರ್ಥ. ಒಮ್ಮೆ ಮೊಟ್ಟೆಯಾಗಿ, ಇನ್ನೊಮ್ಮೆ ಮೊಟ್ಟೆಯೊಡೆದು ಮರಿಯಾಗಿ. 'ಅಂಡಜ' ಎಂಬುದೂ ಅಷ್ಟೇ, ಮೊಟ್ಟೆಯಿಂದ ಹುಟ್ಟಿದ್ದು.

ಇಬೊನ್ ಎಂದೊಡನೆ ಫಿಲಿಪ್ಪೀನ್ಸ್‌ನ ಮಕ್ಕಳಿಗೆ ನೆನಪಾಗುವುದು ಒಂದು ಕಥೆ. ಅದರ ಹೆಸರು 'ಇಬೊಂಗ್ ಅದಾರ್ನಾ', ಅಂದರೆ ಅದಾರ್ನಾ ಎಂಬ ಹಕ್ಕಿ. ಮುಂದಿನ ಪದಕ್ಕೆ ಕೈಹಿಡಿದು ಸೇರುವಾಗ ಇಬೊನ್ ಎಂಬುದು ಇಬೊಂಗ್ ಆಗುತ್ತದೆ. ಬೆರ್ಬಾನಿಯಾ ಎಂಬ ರಾಜ್ಯದ ದೊರೆಗೆ ಕಾಯಿಲೆ. ಅದಾರ್ನಾ ಹಕ್ಕಿಯ ಹಾಡು ಕೇಳಿದರೆ ಮಾತ್ರ ಗುಣವಾದೀತು. ಹಿರಿಯ ಮಗ ಹೋದ, ಎರಡನೆಯವನು ಹೋದ. ಆ ಹಕ್ಕಿ ಏಳು ಹಾಡು ಹಾಡುತ್ತದೆ, ಒಂದೊಂದು ಹಾಡಿಗೂ ಗರಿಯ ಬಣ್ಣ ಬದಲಿಸುತ್ತದೆ. ಹಾಡು ಕೇಳಿದವರಿಗೆ ನಿದ್ದೆ. ಮಲಗಿದವರ ಮೇಲೆ ಹಕ್ಕಿಯ ಹಿಕ್ಕೆ ಬಿದ್ದರೆ ಕಲ್ಲಾಗಿಬಿಡುತ್ತಾರೆ. ಅಣ್ಣಂದಿರಿಬ್ಬರೂ ಕಲ್ಲಾದರು. ಕಿರಿಯವನಾದ ಹುವಾನ್ ಏನು ಮಾಡಿದ ಗೊತ್ತೇ? ಒಂದೊಂದು ಹಾಡಿಗೂ ತನ್ನ ಅಂಗೈಯನ್ನು ಗೀರಿಕೊಂಡು, ಗಾಯಕ್ಕೆ ನಿಂಬೆಯ ಹುಳಿ ಹಿಂಡಿಕೊಂಡ. ಆ ಉರಿಗೆ ನಿದ್ದೆ ಎಲ್ಲಿಂದ ಬರಬೇಕು! ಹಕ್ಕಿ ಹಾಡಿ ಹಾಡಿ ತಾನೇ ನಿದ್ದೆಹೋದಾಗ ಹಿಡಿದ. ಈ ಕಥೆಯನ್ನು ಅಲ್ಲಿನ ಶಾಲೆಗಳಲ್ಲಿ ಇಂದಿಗೂ ಓದಿಸುತ್ತಾರೆ. ನೀವು ಮಾತ್ರ ನಿದ್ದೆ ಬಾರದಿರಲಿ ಎಂದು ಹೀಗೆಲ್ಲ ಮಾಡಿಕೊಳ್ಳಬೇಡಿ. ಮುಖಕ್ಕೆ ತಣ್ಣೀರು ಹಾಕಿಕೊಂಡರೆ ಸಾಕು.

ಕೋಳಿಯ ಕಥೆ ಇದಕ್ಕಿಂತ ದೊಡ್ಡದು. ತಗಾಲೊಗ್‌ನಲ್ಲಿ ಕೋಳಿಗೆ 'ಮಾನೊಕ್' ಎನ್ನುತ್ತಾರೆ. ಲೋಲಾ ಅವರ ಬಿಸಾಯಾದಲ್ಲೂ ಅದೇ. ಈ ಪದವನ್ನು ಹಿಡಿದುಕೊಂಡು ಭೂಪಟದ ಮೇಲೆ ಬೆರಳಾಡಿಸಿ. ದಕ್ಷಿಣಕ್ಕೆ ಜಾವಾ ದ್ವೀಪಕ್ಕೆ ಬಂದರೆ 'ಮನುಕ್' ಎಂದರೆ ಹಕ್ಕಿ. ಪೂರ್ವಕ್ಕೆ, ಎಲ್ಲೋ ಶಾಂತಸಾಗರದ ನಡುವಿನ ಹವಾಯಿಗೆ ಹೋದರೆ 'ಮನು' ಎಂದರೆ ಹಕ್ಕಿ. ಅಲ್ಲಿಂದ ಕೆಳಗೆ ನ್ಯೂಜಿಲೆಂಡಿನ ಮಾವೊರಿ ಜನರ ಭಾಷೆಯಲ್ಲೂ 'ಮನು' ಎಂದರೆ ಹಕ್ಕಿಯೇ. ಇವೆಲ್ಲ ಒಂದೇ ತಾಯಿಯ ಮಕ್ಕಳು. ಸುಮಾರು ನಾಲ್ಕೈದು ಸಾವಿರ ವರ್ಷಗಳ ಹಿಂದೆ ತೈವಾನ್ ಕಡೆಯಿಂದ ದೋಣಿಗಳಲ್ಲಿ ಹೊರಟ ಜನ ಫಿಲಿಪ್ಪೀನ್ಸ್‌ಗೆ ಬಂದರು. ಅವರ ಮಕ್ಕಳು, ಮೊಮ್ಮಕ್ಕಳು ದ್ವೀಪದಿಂದ ದ್ವೀಪಕ್ಕೆ ದಾಟುತ್ತ ಸಾಗರವನ್ನೆಲ್ಲ ತುಂಬಿದರು. ದೋಣಿಯಲ್ಲಿ ಕೋಳಿ ಇತ್ತು. ಬಾಯಲ್ಲಿ ಕೋಳಿಯ ಹೆಸರೂ ಇತ್ತು.

ಆ ಹಳೆಯ ಭಾಷೆಯಲ್ಲಿ 'ಮನುಕ್' ಎಂದರೆ ಕೋಳಿ, 'ಮನು-ಮನುಕ್' ಎಂದರೆ ಹಕ್ಕಿ ಎಂದು ಭಾಷಾ ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಇದನ್ನು ಕನ್ನಡದವರು ಎಷ್ಟು ಸುಲಭವಾಗಿ ಅರ್ಥ ಮಾಡಿಕೊಳ್ಳಬಹುದು ನೋಡಿ. ನಮ್ಮಜ್ಜಿ "ಅಂಗಳದಲ್ಲಿ ಕೋಳಿಗೀಳಿ ಬಂದಾವು, ನೋಡ್ಕೋ" ಎನ್ನುತ್ತಿದ್ದರು. ಕೋಳಿಗೀಳಿ ಎಂದರೆ ಕೋಳಿ ಮತ್ತು ಕೋಳಿಯಂಥದ್ದು. ಅವರೂ ಪದವನ್ನು ಜೋಡಿ ಮಾಡಿ, ಕೋಳಿಯಂಥದ್ದೆಲ್ಲ ಹಕ್ಕಿ ಎಂದರು. ದೂರದ ದ್ವೀಪಗಳಿಗೆ ಹೋಗುವಷ್ಟರಲ್ಲಿ ಜೋಡಿ ಕಳಚಿತು, ಕೊನೆಯ ಕ್ ಕೂಡ ಉದುರಿತು. ಉಳಿದದ್ದು 'ಮನು'.

ಇಂಥದ್ದೇ ಇನ್ನೊಂದು ನಮ್ಮ ಹೋಟೆಲಿನ ತಿಂಡಿಪಟ್ಟಿಯಲ್ಲೇ ಇದೆ. ಮುರ್ಗ್ ಮಸಾಲಾ ಎಂದು ಬರೆದಿರುತ್ತಾರಲ್ಲ, ಆ 'ಮುರ್ಗ್' ಪರ್ಷಿಯನ್ ಪದ. ಅಲ್ಲಿ ಅದು ಹಕ್ಕಿಗೂ ಹೆಸರು. ಇಲ್ಲಿಗೆ ಬಂದು ಕೋಳಿ ಮಾತ್ರ ಆಯಿತು. ಒಂದು ಕಡೆ ಕೋಳಿ ಹಿಗ್ಗಿ ಹಕ್ಕಿಯಾಯಿತು, ಇನ್ನೊಂದು ಕಡೆ ಹಕ್ಕಿ ಕುಗ್ಗಿ ಕೋಳಿಯಾಯಿತು.

"ನಮ್ಮ 'ಹಕ್ಕಿ' ಎಲ್ಲಿಂದ ಬಂತು ಚಿಕ್ಕಮ್ಮ?" ಎಂದಳು ಪುಟ್ಟಿ. ದನಿ ಆಗಲೇ ಸ್ವಲ್ಪ ಗೆಲುವಾಗಿತ್ತು. ಸಂಸ್ಕೃತದಲ್ಲಿ ಪಕ್ಷ ಎಂದರೆ ರೆಕ್ಕೆ. ರೆಕ್ಕೆ ಇರುವುದು ಪಕ್ಷಿ. ಅದು ಹಳಗನ್ನಡದ ಬಾಯಲ್ಲಿ ಪಕ್ಕಿ ಆಯಿತು. ಆಮೇಲೆ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಲ್ಲು ಹಲ್ಲಾಯಿತು. ಅದೇ ಗಾಳಿಗೆ ಸಿಕ್ಕಿ ಪಕ್ಕಿಯೂ ಹಕ್ಕಿಯಾಯಿತು. ಅದೂ ಪ್ರಯಾಣ ಮಾಡಿದ ಹಕ್ಕಿಯೇ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಸದ್ದು ಒಂದೇ ಆದ ಮಾತ್ರಕ್ಕೆ ನೆಂಟಸ್ತಿಕೆ ಹೇಳಬಾರದು. ಮಾನೊಕ್ ಕೇಳಿದರೆ ನಮ್ಮ ಹಳ್ಳಿಯ ಎಮ್ಮೆಯ 'ಮಣಕ' ನೆನಪಾಗಬಹುದು. 'ಮನು' ಕೇಳಿದರೆ ಪುರಾಣದ ಮನು ನೆನಪಾಗಬಹುದು. ಆದರೆ ಎಮ್ಮೆಗೂ ಕೋಳಿಗೂ ನಂಟಿಲ್ಲ. ಹಾಗೆಯೇ ಆ ಲೋಲಾ ಅನ್ನ ಹಾಕುತ್ತಿದ್ದ ಗುಬ್ಬಿಗಳಿಗೆ ಅಲ್ಲಿ 'ಮಾಯಾ' ಎನ್ನುತ್ತಾರೆ. ಕೇಳಿದೊಡನೆ ನಮಗೆ ಮಾಯವಾಗುವುದು ನೆನಪಾಗುತ್ತದೆ. ಅಲ್ಲಿ ಅದು ಗುಬ್ಬಿ, ಮುನಿಯದಂಥ ಸಣ್ಣ ಹಕ್ಕಿಗಳಿಗೆಲ್ಲ ಸಲ್ಲುವ ಹೆಸರು, ಅಷ್ಟೆ. ನಂಟು ಹೇಳಬೇಕಾದರೆ ಪದ ಯಾವ ದಾರಿಯಲ್ಲಿ ಬಂತು ಎಂಬುದಕ್ಕೆ ಹೆಜ್ಜೆಗುರುತು ಬೇಕು.

ಹೆಜ್ಜೆಗುರುತು ಇರುವ ಒಂದು ಪದವನ್ನು ಪುಟ್ಟಿಯೇ ಹುಡುಕಿದಳು. ಅದು ಹೇಗೆಂದರೆ, ಮಾರನೆಯ ಭಾನುವಾರ ಲೋಲಾ ಅವಳನ್ನು ಕರೆದುಕೊಂಡು ಊರಾಚೆಯ ಹದ್ದುಗಳ ಕೇಂದ್ರಕ್ಕೆ ಹೋದರು. ಅವಳ ಮುಖ ಸಪ್ಪಗಿದ್ದದ್ದನ್ನು ನೋಡಲಾರದೆ ಇರಬೇಕು. ಫಿಲಿಪ್ಪೀನ್ಸ್ ಹದ್ದು ಜಗತ್ತಿನ ಅತಿ ದೊಡ್ಡ ಹದ್ದುಗಳಲ್ಲಿ ಒಂದು. ಕೊಕ್ಕಿನಿಂದ ಬಾಲದವರೆಗೆ ಸುಮಾರು ಮೂರು ಅಡಿ, ರೆಕ್ಕೆ ಬಿಚ್ಚಿದರೆ ಎರಡು ಮೀಟರ್. ತಲೆಯ ಮೇಲೆ ಕೆದರಿದ ಜುಟ್ಟಿನಂಥ ಗರಿಗಳು. ಆ ದೇಶ ಬಿಟ್ಟು ಬೇರೆಲ್ಲೂ ಇಲ್ಲ. ಒಂದು ಜೋಡಿ ಎರಡು ವರ್ಷಕ್ಕೊಮ್ಮೆ ಒಂದೇ ಮೊಟ್ಟೆ ಇಡುತ್ತದೆ. ಕಾಡು ಕಡಿದಂತೆಲ್ಲ ಹದ್ದು ಕಡಿಮೆಯಾಗುತ್ತ ಬಂದು, ಈಗ ಕಾಡಿನಲ್ಲಿ ಸುಮಾರು ನಾನೂರು ಜೋಡಿ ಇರಬಹುದೆಂಬ ಅಂದಾಜಿದೆ. 1995ರಲ್ಲಿ ಇದನ್ನು ರಾಷ್ಟ್ರಪಕ್ಷಿ ಎಂದು ಸಾರಿದರು. ಅದಕ್ಕೆ ಮುಂಚೆ ಜನ ಆ ಗೌರವವನ್ನು ಕೊಟ್ಟಿದ್ದು ಪುಟ್ಟ ಮಾಯಾಗೆ.

ಈ ಹದ್ದಿಗೆ ತಗಾಲೊಗ್‌ನಲ್ಲಿ 'ಹರಿಬೊನ್' ಎಂಬ ಹೆಸರಿದೆ. 'ಹಾರಿ' ಎಂದರೆ ರಾಜ, ಇಬೊನ್ ಎಂದರೆ ಹಕ್ಕಿ. ಹಕ್ಕಿಗಳ ರಾಜ! 1972ರಲ್ಲಿ ಹಕ್ಕಿಗಳನ್ನು ನೋಡುವ ಹವ್ಯಾಸದವರು ಸೇರಿ ಕಟ್ಟಿದ ಒಂದು ಸಂಸ್ಥೆಗೂ ಹರಿಬೊನ್ ಎಂದೇ ಹೆಸರು. ಅದು ಮುಂದೆ ಕಾಡು ಉಳಿಸುವ ದೊಡ್ಡ ಸಂಸ್ಥೆಯಾಯಿತು.

ಆ ಕೇಂದ್ರದಲ್ಲಿ ಪುಟ್ಟಿ ಕೇಳಿದ ಕಥೆ ಇನ್ನೊಂದು ಹದ್ದಿನದು. ಮನುಷ್ಯರ ಆರೈಕೆಯಲ್ಲಿ ಈ ಹದ್ದುಗಳು ಮರಿ ಮಾಡುವಂತೆ ನೋಡಿಕೊಳ್ಳಲು ಅಲ್ಲಿನವರು ವರ್ಷಗಟ್ಟಲೆ ಪಾಡುಪಟ್ಟರು. ಕೊನೆಗೆ 1992ರ ಜನವರಿ 15ರಂದು ಒಂದು ಮೊಟ್ಟೆ ಬಿರಿದು ಮರಿ ಹೊರಬಂತು. ಅದಕ್ಕೆ 'ಪಗ್-ಆಸಾ' ಎಂದು ಹೆಸರಿಟ್ಟರು. ಭರವಸೆ ಎಂದರ್ಥ. ಪಗ್ ಎಂಬುದು ಮುಂದೆ ಸೇರುವ ಪ್ರತ್ಯಯ. ಮುಖ್ಯ ಪದ 'ಆಸಾ'.

"ಚಿಕ್ಕಮ್ಮ, ಅದು ನಮ್ಮ ಆಸೆ!" ಎಂದು ಪುಟ್ಟಿ ಫೋನಿನಲ್ಲಿ ಕೂಗಿದಳು.

ಈ ಸಲ ಅವಳ ಊಹೆ ಸರಿ. ಸಂಸ್ಕೃತದ ಆಶಾ ಎಂಬ ಪದ ನಮ್ಮಲ್ಲಿ ಆಸೆಯಾಯಿತು, ಸಮುದ್ರ ದಾಟಿ ತಗಾಲೊಗ್‌ನಲ್ಲಿ ಆಸಾ ಆಯಿತು. ಗುರು ಅಲ್ಲಿ 'ಗುರೊ', ಮುಖ ಅಲ್ಲಿ 'ಮುಖಾ', ದೇವತೆ ಅಲ್ಲಿ 'ದಿವಾತಾ'. ಜಾವಾ, ಮಲಯ ಕಡೆಯ ವ್ಯಾಪಾರಿಗಳ ಬಾಯಿಯಿಂದ ಬಾಯಿಗೆ ಸಾಗಿ ಹೋದ ಪದಗಳಿವು. ಹೆಜ್ಜೆಗುರುತು ಎಲ್ಲಿದೆ ಎಂದರೆ, ಮನಿಲಾದ ಹತ್ತಿರದ ಲಗೂನಾದಲ್ಲಿ ಸಿಕ್ಕ ಒಂದು ತಾಮ್ರಪಟದಲ್ಲಿದೆ. ಒಬ್ಬನ ಸಾಲ ತೀರಿತು ಎಂದು ಬರೆದುಕೊಟ್ಟ ಪತ್ರ ಅದು. ಮಲಯ ಭಾಷೆಯ ಹಳೆಯ ರೂಪದಲ್ಲಿದೆ, ನಡುನಡುವೆ ಸಂಸ್ಕೃತ ಪದಗಳಿವೆ. ಅದರ ಮೇಲಿನ ಕಾಲ ಶಕ ವರ್ಷ 822. ನಮ್ಮ ಊರಿನ ಕಲ್ಲಿನ ಶಾಸನಗಳಲ್ಲಿ, ಮನೆಯ ಪಂಚಾಂಗದಲ್ಲಿ ಇರುವ ಅದೇ ಶಕ! ಈಗಿನ ಲೆಕ್ಕಕ್ಕೆ ಅದು ಕ್ರಿ.ಶ. 900. ಆಗ ನಮ್ಮಲ್ಲಿ ರಾಷ್ಟ್ರಕೂಟರು ಆಳುತ್ತಿದ್ದರು.

ಪಗ್-ಆಸಾ ಇಪ್ಪತ್ತೆಂಟು ವರ್ಷ ಬದುಕಿ 2021ರ ಜನವರಿಯಲ್ಲಿ ತೀರಿಕೊಂಡಿತು. ಅದಕ್ಕೆ 2013ರಲ್ಲಿ ಒಂದು ಮರಿ ಹುಟ್ಟಿತ್ತು. ಆ ಮರಿಗೆ 'ಮಬುಹಾಯ್' ಎಂದು ಹೆಸರಿಟ್ಟರು. ಬಾಳಲಿ ಎಂದು ಹಾರೈಸುವ ಮಾತು ಅದು.

ಮೊನ್ನೆ ಪುಟ್ಟಿ ಮತ್ತೆ ಫೋನ್ ಮಾಡಿದ್ದಳು. ಪದಗಳ ಪುಸ್ತಕವನ್ನು ಬಿಸಾಡಿದೆಯಾ ಎಂದು ಕೇಳಿದೆ. ಇಲ್ಲವಂತೆ. ಅದರಲ್ಲಿ ಪ್ರತಿ ಪದದ ಪಕ್ಕದಲ್ಲಿ ಒಂದು ಗೆರೆ ಎಳೆದು, ಲೋಲಾ ಏನೆನ್ನುತ್ತಾರೆ ಎಂದು ಬರೆಯುತ್ತಿದ್ದಾಳಂತೆ. ಕಂಡದ್ದನ್ನೆಲ್ಲ ತೋರಿಸಿ "ಉನ್ಸಾ ನಿ?" ಎಂದು ಕೇಳುತ್ತಾಳೆ. ಬಿಸಾಯಾದಲ್ಲಿ ಇದೇನು ಎಂದರ್ಥ. ಲೋಲಾ ಬೇಸರವಿಲ್ಲದೆ ಹೇಳುತ್ತಾರೆ. ತಲೆ, ಎದೆ, ಹೊಟ್ಟೆ, ಮೊಣಕಾಲು ಎಂದು ಮೈಯ ಭಾಗಗಳೆಲ್ಲ ಆಗಿವೆ. ಈಗ ನೋವಿನ ಪದಗಳು ನಡೆಯುತ್ತಿವೆ. ಚುಚ್ಚುವ ನೋವಿಗೆ ಒಂದು ಪದ, ಉರಿಯುವುದಕ್ಕೆ ಒಂದು. ಲೋಲಾ ಅಭಿನಯಿಸಿಯೇ ತೋರಿಸುತ್ತಾರಂತೆ. ಬೆಳಿಗ್ಗೆ ಹಕ್ಕಿಗಳಿಗೆ ಅನ್ನ ಹಾಕುವ ಕೆಲಸ ಈಗ ಪುಟ್ಟಿಯದು.

"ಬಂದವಾ?" ಎಂದು ಕೇಳಿದೆ.

"ಮೊದಲ ಎರಡು ದಿನ ಬರಲಿಲ್ಲ. ಮೂರನೇ ದಿನ ಒಂದು ಬಂತು. ಈಗ ಎಲ್ಲಾ ಬರ್ತಾವೆ ಚಿಕ್ಕಮ್ಮ."

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ನಿಮ್ಮ ಅಜ್ಜಿಯನ್ನೋ ಪಕ್ಕದ ಮನೆಯವರನ್ನೋ ಅಂಗಳಕ್ಕೆ ಕರೆದು, ಎದುರಿಗೆ ಕಂಡ ಒಂದು ಹಕ್ಕಿಯನ್ನು ತೋರಿಸಿ, ನಿಮ್ಮೂರಲ್ಲಿ ಇದಕ್ಕೆ ಏನಂತಾರೆ ಎಂದು ಕೇಳಿ. ತುಳುವಿನವರಿರಬಹುದು, ಕೊಂಕಣಿಯವರಿರಬಹುದು, ಉರ್ದು ಮಾತಾಡುವವರಿರಬಹುದು, ಬೀದರ್ ಕನ್ನಡದವರಿರಬಹುದು. ಬಂದ ಹೆಸರನ್ನು ಹಕ್ಕಿಯ ಚಿತ್ರದೊಂದಿಗೆ ನನಗೆ ಬರೆದು ಕಳಿಸಿ. ನಿಮ್ಮ ಪುಸ್ತಕದಲ್ಲಿ ಇರುವ ಹೆಸರಿಗಿಂತ ಬೇರೆಯಾಗಿದ್ದರೆ, ತಿದ್ದಲು ಹೋಗಬೇಡಿ. ಪಕ್ಕದಲ್ಲಿ ಒಂದು ಗೆರೆ ಎಳೆದು ಅದನ್ನೂ ಬರೆದುಕೊಳ್ಳಿ.